ಗೇಟ್ ಕಾಯುವವರ ಮನೆಗೆ ಅನುಮತಿ ಸಿಕ್ಕ ಕಥೆ

ನಮ್ಮ ಹಳೇ ಮನೆಯ ರಿಪೇರಿಗೆ ಕೊಟ್ಟ ಅನುಮತಿಯ ಕೊನೆಯ ಷರತ್ತೂ ಪೂರೈಸಿದೆ ಅಂತ ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಇಮೇಲ್ ಬಂದಿದ್ದು ಹೋದ ವಾರ. ಮನೆ ಕೊಂಡಾಗಿನಿಂದ ಲೆಕ್ಕ ಹಾಕಿದರೆ ಎರಡು ವರ್ಷದ ಹತ್ತಿರ ಆಯಿತು. ಈ ನಡುವೆ ಇಂಗ್ಲೆಂಡ್‌ನಲ್ಲಿರುವ ಪರಿಚಯದ ಕನ್ನಡದವರು ಕೆಲವರು ಫೋನ್ ಮಾಡಿ, "ಒಂದು ಲಿಸ್ಟೆಡ್ ಮನೆ ನೋಡಿದ್ದೀವಿ, ತಗೋಬಹುದಾ?" ಅಂತ ಕೇಳಿದರು. ಲಿಸ್ಟೆಡ್ ಅಂದರೆ ಸರ್ಕಾರ ಕಾಪಾಡುವ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಸೇರಿದ್ದು. ಒಬ್ಬರಿಗೆ ಬಾವಲಿ ಕಥೆ, ಇನ್ನೊಬ್ಬರಿಗೆ ಕಿಟಕಿ ಕಥೆ ಹೇಳಿದ್ದಾಯಿತು. ಪೂರ್ತಿ ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ.

ನಮ್ಮದು ವಿಕ್ಟೋರಿಯನ್ ಕಾಲದ ಗೇಟ್ ಲಾಡ್ಜ್. ವೇಲ್ಸ್ ಗಡಿಗೆ ಹತ್ತಿರದ ಒಂದು ಹಳ್ಳಿಯಲ್ಲಿದೆ. ಇಲ್ಲಿ ದೊಡ್ಡ ಎಸ್ಟೇಟ್ ಇದೆ. ಎಸ್ಟೇಟಿನ ಬಂಗಲೆ ರಸ್ತೆಯಿಂದ ಬಹಳ ಒಳಗೆ, ಮರಗಳ ಹಿಂದೆ. ಅಲ್ಲಿಗೆ ಹೋಗುವ ದಾರಿ ಶುರುವಾಗುವಲ್ಲಿ ಕಬ್ಬಿಣದ ಗೇಟು, ಗೇಟಿನ ಪಕ್ಕಕ್ಕೆ ಈ ಪುಟ್ಟ ಮನೆ. ಸಾರೋಟು ಬಂದಾಗ ಗೇಟು ತೆಗೆದು, ಹೋದ ಮೇಲೆ ಹಾಕುವವರ ಸಂಸಾರ ಇಲ್ಲಿರುತ್ತಿತ್ತು. 1850ರ ದಶಕದ ಕಟ್ಟಡ. ಕೆಳಗೆ ಎರಡು ಕೋಣೆ, ಮೇಲೆ ಸೂರಿನ ಇಳಿಜಾರಿನ ಕೆಳಗೆ ತಲೆ ತಗ್ಗಿಸಿ ಓಡಾಡಬೇಕಾದ ಇನ್ನೆರಡು ಕೋಣೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಮ್ಮಾ, ಇಷ್ಟು ದುಡ್ಡು ಸುರಿದು ವಾಚ್‌ಮನ್ ಮನೆ ತಗೊಂಡ್ರಾ?" ಅಂದರು.

ಆದರೆ ನೋಡಲು ಎಷ್ಟು ಚೆಂದ! ಕಡಿದಾದ ಮಾಡು. ಮಾಡಿನ ತ್ರಿಕೋನದ ಎರಡೂ ಅಂಚಿಗೆ ಲೇಸಿನ ಹಾಗೆ ಕೊರೆದ ಮರದ ಹಲಗೆ. ಇದಕ್ಕೆ ಬಾರ್ಜ್‌ಬೋರ್ಡ್ ಅನ್ನುತ್ತಾರೆ. ತುದಿಯಲ್ಲಿ ಮೊನಚಾದ ಮರದ ಕಳಶ. ಹೆಂಚುಗಳು ಮೀನಿನ ಪೊರೆ ಆಕಾರದವು. ಎಂಟು ಮೂಲೆಯ ಮೂರು ಚಿಮಣಿಗಳು ಒಟ್ಟಿಗೆ ನಿಂತಿವೆ. ಮನೆಯ ಅಳತೆಗೆ ಹೋಲಿಸಿದರೆ ತೀರಾ ಎತ್ತರ. ಕಿಟಕಿಗಳಲ್ಲಿ ಸೀಸದ ಪಟ್ಟಿಯಲ್ಲಿ ಕೂರಿಸಿದ ವಜ್ರಾಕಾರದ ಗಾಜಿನ ಚೂರುಗಳು. ಬೆಂಗಳೂರು ಕಂಟೋನ್ಮೆಂಟ್ ಕಡೆಯ ಹಳೇ ಬಂಗಲೆಗಳ ಮಂಕಿ ಟಾಪ್, ಅಂದರೆ ಕಿಟಕಿ ಮೇಲಿನ ಮೊನಚಾದ ಮರದ ಮಾಡು, ನೋಡಿದವರಿಗೆ ಈ ಮರಗೆಲಸ ಹೊಸದಲ್ಲ. ಅದೂ ಇದೇ ಇಂಗ್ಲಿಷ್ ಕಾಟೇಜ್ ಶೈಲಿಯ ಮನೆತನದ್ದೇ. ನಮ್ಮ ಬಿಸಿಲು ಮಳೆಗೆ ತಕ್ಕಂತೆ ಕಿಟಕಿ, ಪೋರ್ಟಿಕೋ ಮೇಲೆ ಇಳಿದು ಕೂತಿದೆ, ಅಷ್ಟೇ.

ಮನೆ ಗ್ರೇಡ್ 2 ಲಿಸ್ಟೆಡ್, ಅಂದರೆ ಆ ಪಟ್ಟಿಯ ಕೊನೆಯ ದರ್ಜೆ. ಇಂಗ್ಲೆಂಡ್‌ನಲ್ಲಿ ಲಿಸ್ಟೆಡ್ ಕಟ್ಟಡಗಳ ನಮೂದು 3.7 ಲಕ್ಷಕ್ಕೂ ಹೆಚ್ಚು ಇವೆ. ಹತ್ತರಲ್ಲಿ ಒಂಬತ್ತು ಗ್ರೇಡ್ 2. ಹಾಗಾಗಿ "ಗ್ರೇಡ್ 2 ತಾನೇ, ಪರವಾಗಿಲ್ಲ" ಅಂತ ಏಜೆಂಟ್ ಹೇಳಿದರೆ ನಂಬಬೇಡಿ. ಗ್ರೇಡ್ ಯಾವುದೇ ಇರಲಿ, ಕಾನೂನು ಒಂದೇ. 1990ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮನೆಯ ಸ್ವರೂಪ ಬದಲಿಸಿದರೆ ಅದು ಕ್ರಿಮಿನಲ್ ಅಪರಾಧ. ದಂಡಕ್ಕೆ ಮಿತಿ ಇಲ್ಲ, ಎರಡು ವರ್ಷದವರೆಗೆ ಜೈಲೂ ಆಗಬಹುದು. ಹೊರಗಿನ ಗೋಡೆ ಮಾತ್ರ ಅಲ್ಲ, ಒಳಗಿನ ಮೆಟ್ಟಿಲು, ಬಾಗಿಲು, ಒಲೆ ಎಲ್ಲವೂ ಸೇರುತ್ತದೆ. 1948ರ ಜುಲೈಗಿಂತ ಮುಂಚಿನಿಂದ ಅಂಗಳದಲ್ಲಿರುವ ಶೆಡ್ಡು, ಕಾಂಪೌಂಡ್ ಗೋಡೆಗಳೂ ಸಾಮಾನ್ಯವಾಗಿ ಇದರ ಲೆಕ್ಕಕ್ಕೇ ಬರುತ್ತವೆ.

ಮೊದಲ ಪೆಟ್ಟು ಬಿದ್ದಿದ್ದು ಕೊಳ್ಳುವ ಮುಂಚೆಯೇ. ಕಟ್ಟಡದ ಪೂರ್ತಿ ಸರ್ವೆ ಮಾಡಿಸಿದೆವು. ಇಲ್ಲಿ ಅದನ್ನು ಲೆವೆಲ್ 3 ಅನ್ನುತ್ತಾರೆ. ಹಳೇ ಮನೆಗೆ ಅದಕ್ಕಿಂತ ಕಡಿಮೆಯದು ಬೇಡವೇ ಬೇಡ. ಸರ್ವೆಯರ್ ಕೊಟ್ಟ ವರದಿಯಲ್ಲಿ ಮೂರು ವಿಷಯ ದಪ್ಪ ಅಕ್ಷರದಲ್ಲಿತ್ತು. ಇಟ್ಟಿಗೆ ಸಂದುಗಳಿಗೆ ಯಾರೋ ಸಿಮೆಂಟ್ ತುಂಬಿದ್ದಾರೆ, ಗೋಡೆಯ ತೇವ ಹೊರಗೆ ಹೋಗಲಾಗದೆ ಇಟ್ಟಿಗೆಯ ಮುಖ ಉದುರುತ್ತಿದೆ. ಒಂದು ಕಡೆಯ ಬಾರ್ಜ್‌ಬೋರ್ಡ್ ಕೊಳೆತಿದೆ, ಇನ್ನೊಂದು ಕಡೆ ಮೂಲ ಹಲಗೆಯೇ ಇಲ್ಲ, ಬೋಳು ಪಟ್ಟಿ ಹೊಡೆದಿದ್ದಾರೆ. ಮತ್ತು ನಾಲ್ಕು ಕಿಟಕಿ ಪ್ಲಾಸ್ಟಿಕ್‌ನವು, ಅನುಮತಿ ಪಡೆದ ದಾಖಲೆ ಇಲ್ಲ.

ಕಿಟಕಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದಿನ ಮಾಲೀಕರು ಅನುಮತಿ ಇಲ್ಲದೆ ಮಾಡಿದ ಕೆಲಸಕ್ಕೆ ನಿಮ್ಮನ್ನು ಕೋರ್ಟಿಗೆ ಎಳೆಯುವುದಿಲ್ಲ. ಆದರೆ ಸರಿಪಡಿಸಿ ಅಂತ ನೋಟಿಸ್ ಬಂದರೆ ಅದು ಈಗಿನ ಮಾಲೀಕರಿಗೇ ಬರುತ್ತದೆ. ಸಾಮಾನ್ಯ ಕಟ್ಟಡಗಳ ಅಕ್ರಮಕ್ಕೆ ಇಷ್ಟು ವರ್ಷ ಕಳೆದರೆ ಕ್ರಮ ಇಲ್ಲ ಅಂತ ಮಿತಿ ಇದೆ. ಲಿಸ್ಟೆಡ್ ಕಟ್ಟಡಕ್ಕೆ ಆ ಮಿತಿಯೇ ಇಲ್ಲ. ಮಾರುವವರ ಕಡೆ ವಕೀಲರು, ಅಂದರೆ ಸಾಲಿಸಿಟರ್, ತಕ್ಷಣ ಇಂಡೆಮ್ನಿಟಿ ಪಾಲಿಸಿ ಮಾಡಿಸಿಕೊಡುತ್ತೇವೆ ಅಂದರು. ಮುಂದೆ ಕೌನ್ಸಿಲ್ ಕ್ರಮ ಕೈಗೊಂಡರೆ ನಷ್ಟ ತುಂಬಿಕೊಡುವ ಕಡಿಮೆ ದುಡ್ಡಿನ ವಿಮೆ, ಕೇಳಲು ಹಿತ. ಆದರೆ ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ನೀವೇ ಕೌನ್ಸಿಲ್‌ಗೆ ವಿಷಯ ತಿಳಿಸಿದರೆ ವಿಮೆ ರದ್ದು. ನಮಗೋ ರಿಪೇರಿಗೆ ಕೌನ್ಸಿಲ್ ಬಾಗಿಲು ತಟ್ಟಲೇಬೇಕಿತ್ತು. ಹಾಗಾಗಿ ಪಾಲಿಸಿ ಬೇಡ, ಬೆಲೆ ಇಳಿಸಿ ಅಂದೆವು. ಕಿಟಕಿ ಮಾಡುವವರಿಂದ ಕೊಟೇಶನ್ ತರಿಸಿ ಮುಂದಿಟ್ಟೆವು. ಚೌಕಾಸಿ ವಾರಗಟ್ಟಲೆ ನಡೆಯಿತು. ಕೇಳಿದಷ್ಟು ಅಲ್ಲದಿದ್ದರೂ ಅರ್ಧಕ್ಕಿಂತ ಜಾಸ್ತಿ ಇಳಿಸಿದರು.

ಬ್ಯಾಂಕು, ಸಾಲ, ಸಹಿ ಇವೆಲ್ಲ ಎಲ್ಲರಿಗೂ ಆಗುವ ಹಾಗೆ ಆಯಿತು. ಒಂದೇ ಒಂದು ವಿಷಯ: ಗೇಟ್ ಲಾಡ್ಜ್ ಕೊಳ್ಳುವವರು ದಸ್ತಾವೇಜನ್ನು ಸಾಲು ಸಾಲಾಗಿ ಓದಿ. ಮನೆ ಮುಂದಿನ ದಾರಿ ಸಾಮಾನ್ಯವಾಗಿ ನಿಮ್ಮದಾಗಿರುವುದಿಲ್ಲ, ಎಸ್ಟೇಟಿನದು. ನಿಮಗೆ ಓಡಾಡುವ ಹಕ್ಕು ಮಾತ್ರ. ನಮ್ಮ ಪತ್ರದಲ್ಲಿ ಹೊರಗಿನ ಮರಕ್ಕೆ ಎಸ್ಟೇಟಿನ ಹಸಿರು ಬಣ್ಣವೇ ಬಳಿಯಬೇಕು, ಹೊರಗೆ ಏನು ಬದಲಿಸಿದರೂ ಎಸ್ಟೇಟಿನ ಒಪ್ಪಿಗೆ ಬೇಕು ಅಂತ ಇತ್ತು. ಅಂದರೆ ಅನುಮತಿ ಎರಡು. ಒಂದು ಸರ್ಕಾರದ್ದು, ಇನ್ನೊಂದು ಜಮೀನ್ದಾರರದ್ದು.

ಮೊದಲ ಚಳಿಗಾಲ ಕಷ್ಟದ್ದು. ವಜ್ರದ ಗಾಜಿನ ಕಿಟಕಿಗಳಿಂದ ಗಾಳಿ ಶಿಳ್ಳೆ ಹಾಕುತ್ತಿತ್ತು. ಅಡುಗೆ ಮನೆ ಎಂಬುದು ಹಿಂಬದಿಗೆ ಯಾವ ಕಾಲದಲ್ಲೋ ಅಂಟಿಸಿದ ತಗಡಿನ ಮಾಡು. ಬಚ್ಚಲು ಅದರ ಪಕ್ಕದಲ್ಲಿ. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಬರುವ ಗಂಡ ಕೋಟು ಹಾಕಿಕೊಂಡೇ ಚಹಾ ಮಾಡುತ್ತಿದ್ದ. ನಮ್ಮ ಪಟ್ಟಿ ಸಿದ್ಧವಾಯಿತು: ಸಿಮೆಂಟ್ ಕಿತ್ತು ಸುಣ್ಣದ ಗಾರೆ, ಎರಡೂ ಬಾರ್ಜ್‌ಬೋರ್ಡ್, ನಾಲ್ಕು ಕಿಟಕಿ, ತಗಡಿನ ಶೆಡ್ ತೆಗೆದು ಅಲ್ಲಿ ಸರಿಯಾದ ಅಡುಗೆ ಮನೆ, ಬಚ್ಚಲು.

ಇದಕ್ಕೆಲ್ಲ ಹೆರಿಟೇಜ್ ಸ್ಟೇಟ್‌ಮೆಂಟ್ ಅನ್ನುವ ದಾಖಲೆ ಬೇಕು. ಈ ಕಟ್ಟಡದಲ್ಲಿ ಮಹತ್ವದ್ದು ಯಾವುದು, ಯಾಕೆ, ನಿಮ್ಮ ಕೆಲಸದಿಂದ ಅದಕ್ಕೆ ಏನಾಗುತ್ತದೆ ಅಂತ ಬರೆಯಬೇಕು. ಸಲಹೆಗಾರರು ಸಾವಿರ ಪೌಂಡಿಗೂ ಮೇಲೆ ಕೇಳಿದರು. ನಾನು ಮನೆಯಿಂದಲೇ ಕೆಲಸ ಮಾಡುವವಳು, ಸಂಜೆ ಹೊತ್ತು ನಾನೇ ಬರೆಯುತ್ತೇನೆ ಅಂದೆ. ಕೊನೆಗೆ ನೋಡಿದರೆ ಇಡೀ ಪ್ರಕರಣದಲ್ಲಿ ನಮ್ಮ ಕೈ ಹಿಡಿದದ್ದು ಆ ಓದೇ.

ಲಿಸ್ಟಿಂಗ್ ವಿವರಣೆ ಪಾರಂಪರಿಕ ಕಟ್ಟಡಗಳ ಸರ್ಕಾರಿ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡ್‌ನ ಪಟ್ಟಿಯಲ್ಲಿ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ನಮ್ಮದು ಆರೇಳು ಸಾಲು. ಹಳೆಯ ನಮೂದುಗಳು ಬಹಳಷ್ಟು ಹೀಗೇ ಚುಟುಕು. ಅದರಲ್ಲಿ ಬರೆಯದ ಭಾಗಕ್ಕೆ ರಕ್ಷಣೆ ಇಲ್ಲ ಅಂತಲ್ಲ, ಇದು ನೆನಪಿರಲಿ. ಹಳೇ ಸರ್ವೆ ನಕ್ಷೆಗಳು ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿವೆ, ಇಂಗ್ಲೆಂಡಿನವೂ ಇವೆ, ದುಡ್ಡಿಲ್ಲ. 19ನೇ ಶತಮಾನದ ಕೊನೆಯ ನಕ್ಷೆಯಲ್ಲಿ ನಮ್ಮ ಮನೆ ಸ್ಪಷ್ಟವಾಗಿ ಕಾಣುತ್ತದೆ. ತಗಡಿನ ಶೆಡ್ ಅದರಲ್ಲಿಲ್ಲ. ಅಂದರೆ ಅದು ಮೂಲದ್ದಲ್ಲ, ಕೆಡವಬಹುದು ಎಂಬ ವಾದಕ್ಕೆ ಪುರಾವೆ ಸಿಕ್ಕಿತು. ಜನಗಣತಿ ಪುಟಗಳಲ್ಲಿ ಮನೆಯಲ್ಲಿದ್ದವರ ಹೆಸರೂ ಇತ್ತು. ಗಂಡ ಹೊಲದ ಕೂಲಿ, ಹೆಂಡತಿ ಲಾಡ್ಜ್ ಕೀಪರ್, ಜೊತೆಗೆ ಐದು ಮಕ್ಕಳು. ಈ ನಾಲ್ಕು ಕೋಣೆಯಲ್ಲಿ!

ಇನ್ನು ಶೈಲಿಯ ಕಥೆ. ನಮ್ಮ ಪಕ್ಕದ ಹೆರಿಫರ್ಡ್‌ಷೈರ್‌ನಲ್ಲಿ 18ನೇ ಶತಮಾನದ ಕೊನೆಗೆ ಇಬ್ಬರು ಜಮೀನ್ದಾರರಿದ್ದರು, ಯುವೆಡೇಲ್ ಪ್ರೈಸ್ ಮತ್ತು ರಿಚರ್ಡ್ ಪೇನ್ ನೈಟ್. ಇಬ್ಬರೂ 1794ರಲ್ಲಿ ಒಂದೊಂದು ಪುಸ್ತಕ ತಂದರು. ನುಣುಪಾದ ಹುಲ್ಲುಹಾಸಿನ ತೋಟಗಳು ಬೇಜಾರು, ಒರಟುತನ, ಏರುಪೇರು, ನೆರಳು ಬೆಳಕು ಇದ್ದರೇ ಚಿತ್ರದಂಥ ಸೊಬಗು ಅನ್ನುವುದು ಅವರ ಮಾತು. ಇದೇ ಪಿಕ್ಚರೆಸ್ಕ್. ಆಮೇಲೆ 1811ರ ಸುಮಾರಿಗೆ ವಾಸ್ತುಶಿಲ್ಪಿ ಜಾನ್ ನ್ಯಾಶ್ ಬ್ರಿಸ್ಟಲ್ ಹತ್ತಿರ ಬ್ಲೇಸ್ ಹ್ಯಾಮ್ಲೆಟ್ ಕಟ್ಟಿದ. ಒಬ್ಬ ಬ್ಯಾಂಕರ್ ತನ್ನ ಎಸ್ಟೇಟಿನ ನಿವೃತ್ತ ಕೆಲಸದವರಿಗಾಗಿ ಕಟ್ಟಿಸಿದ ಒಂಬತ್ತು ಮನೆ. ಒಂದರಂತೆ ಇನ್ನೊಂದಿಲ್ಲ. ಒಂದು ಭಾನುವಾರ ಹೋಗಿ ನೋಡಿ ಬಂದೆವು. ಒಳಗೆ ಜನ ವಾಸವಿದ್ದಾರೆ, ಹೊರಗಿನಿಂದ ನೋಡಿ ಬರಬೇಕು. ಚಿಮಣಿಗಳನ್ನು ನೋಡಿದ ಮೇಲೆ ನಮ್ಮ ಮನೆಯ ಚಿಮಣಿಯ ಎತ್ತರ ಯಾಕೆ ಅಂತ ಅರ್ಥವಾಯಿತು. ದೂರದಿಂದ ಮರಗಳ ನಡುವೆ ಮೊದಲು ಕಾಣಬೇಕಾದದ್ದೇ ಅದು. 1833ರಲ್ಲಿ ಜಾನ್ ಕ್ಲಾಡಿಯಸ್ ಲೌಡನ್ ಕಾಟೇಜ್, ವಿಲ್ಲಾಗಳ ನಮೂನೆಗಳ ದೊಡ್ಡ ವಿಶ್ವಕೋಶವನ್ನೇ ಹೊರತಂದ. ಇಂಥ ಪುಸ್ತಕಗಳು ಬಂದ ಮೇಲೆ ಊರಿನ ಬಡಗಿಯೂ ಚಿತ್ರ ನೋಡಿ ಬಾರ್ಜ್‌ಬೋರ್ಡ್ ಕೊರೆಯಬಹುದಾಗಿತ್ತು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಕಿಟಕಿ. ಗಾಜಿನ ಮೇಲಿನ ತೆರಿಗೆ ಹೋಗಿದ್ದು 1845ರಲ್ಲಿ. ಕಿಟಕಿ ತೆರಿಗೆ 1851ರಲ್ಲಿ. ಅದೇ 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದ್ದು ನಿಂತಿತು, ಪೂರ್ತಿ ಗಾಜು ಮತ್ತು ಕಬ್ಬಿಣ. 1889ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಲಾಲ್‌ಬಾಗ್ ಗಾಜಿನ ಮನೆಗೂ ಅದೇ ಪ್ರೇರಣೆ. ಅಂದರೆ ದೊಡ್ಡ ಗಾಜು ಸಿಗದೆ ಈ ಮನೆಗೆ ಚೂರು ಗಾಜು ಹಾಕಿದ್ದಲ್ಲ. ಬೇಕಂತಲೇ ಹಳೇ ಕಾಲದ್ದು ಅನ್ನಿಸಲಿ ಅಂತ ಹಾಕಿದ್ದು. ಹೊಸ ಮನೆಗೆ ಹಳೇ ವೇಷ. ಪ್ಲಾಸ್ಟಿಕ್ ಕಿಟಕಿ ಯಾಕೆ ತೆಗೆಯಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಿರಲಿಲ್ಲ.

ಹಾಗಂತ ಅಲಂಕಾರವೆಲ್ಲ ಬರೀ ತೋರಿಕೆಯೂ ಅಲ್ಲ. ಬಾರ್ಜ್‌ಬೋರ್ಡ್ ಮಾಡಿನ ಮರದ ತುದಿಗಳಿಗೆ ಮಳೆ ಬಡಿಯದಂತೆ ಕಾಯುತ್ತದೆ. ಕಿಟಕಿ ಮೇಲಿನ ಕಲ್ಲಿನ ಹುಬ್ಬು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಮುಂದೆ ಚಾಚಿದ ಮೂರು ಮುಖದ ಕಿಟಕಿಯಲ್ಲಿ ಕೂತರೆ ರಸ್ತೆಯ ಎರಡೂ ಕಡೆ ಮತ್ತು ಒಳದಾರಿ ಕಾಣುತ್ತದೆ, ಯಾರು ಬಂದರೂ ಎದ್ದು ಹೊರಗೆ ಹೋಗದೆ ಗೊತ್ತಾಗುತ್ತದೆ. ಆದರೆ ಹಿಂಬದಿಗೆ ಬಂದರೆ ಕಥೆಯೇ ಬೇರೆ. ಬೋಳು ಗೋಡೆ, ಅಗ್ಗದ ಇಟ್ಟಿಗೆ, ಸಾದಾ ಹೆಂಚು. ಮದುವೆ ಮನೆ ಬಾಗಿಲಿನ ಮಂಟಪದ ಹಾಗೆ, ಮುಂದೆ ಹೂವು, ಹಿಂದೆ ಬಿದಿರು. ಈ ಮನೆ ಕಟ್ಟಿದ್ದು ಗೇಟಿನಲ್ಲಿ ನಿಂತು ನೋಡುವವರಿಗೆ. ನಮ್ಮ ಇಡೀ ಅರ್ಜಿಯ ಬೆನ್ನೆಲುಬು ಈ ಒಂದು ಮಾತು.

ಅರ್ಜಿಗೆ ಮುಂಚೆ ಕೌನ್ಸಿಲ್‌ನ ಸಲಹೆ ಪಡೆಯಬಹುದು. ಪ್ರೀ-ಆಪ್ ಅನ್ನುತ್ತಾರೆ. ಹೆಚ್ಚಿನ ಕಡೆ ಶುಲ್ಕ ಇದೆ. ಕೊಡಿ, ದಂಡ ಅಲ್ಲ. ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಕೌನ್ಸಿಲ್ ಅಧಿಕಾರಿ, ಅಂದರೆ ಕನ್ಸರ್ವೇಶನ್ ಆಫೀಸರ್, ಒಬ್ಬ ಮಹಿಳೆ, ಮಳೆ ಕೋಟು ಹಾಕಿಕೊಂಡೇ ಬಂದರು. ಒಳಗೆ ಬನ್ನಿ ಅಂದರೆ ಬೇಡ ಅಂದರು. ಮೊದಲು ನಮ್ಮನ್ನು ರಸ್ತೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ಗೇಟಿನವರೆಗೆ, ಗೇಟಿನಿಂದ ಒಳದಾರಿಯಲ್ಲಿ ನಿಧಾನವಾಗಿ ನಡೆಸಿದರು. ಆಗಾಗ ನಿಂತು ಫೋಟೋ ತೆಗೆದರು.

ನಮ್ಮ ಆರ್ಕಿಟೆಕ್ಟ್ ಮೊದಲು ಬರೆದ ನಕ್ಷೆಯಲ್ಲಿ ಅಡುಗೆ ಮನೆಗೂ ಕಡಿದಾದ ಮಾಡು, ಬಾರ್ಜ್‌ಬೋರ್ಡ್, ಕಳಶ ಎಲ್ಲಾ ಇತ್ತು. ಗಂಡನಿಗೆ ಅದು ತುಂಬಾ ಇಷ್ಟ. ಆಫೀಸರ್ ಒಪ್ಪಲಿಲ್ಲ. ಒಳದಾರಿಯ ತಿರುವಿನಿಂದ ಎರಡನೇ ಮಾಡು ಕಂಡರೆ ಮೂಲ ಆಕಾರವೇ ಕಳೆದುಹೋಗುತ್ತದೆ, ಜೊತೆಗೆ ಯಾವುದು ಹಳತು, ಯಾವುದು ಹೊಸತು ಅನ್ನುವುದೇ ತಿಳಿಯುವುದಿಲ್ಲ ಅಂದರು. ಹಿಂಬದಿಯ ಗೋಡೆಗೆ ಒರಗಿದ, ತಗ್ಗಾದ, ಸಾದಾ ಸ್ಲೇಟ್ ಮಾಡು ಆದರೆ ನೋಡಬಹುದು ಅಂದರು. ಅಳತೆ ಚಿಕ್ಕದಾಗುತ್ತದೆ ಅಂತ ಗಂಡ ಗೊಣಗಿದ. ಆದರೆ ಗೋಡೆ ಕಟ್ಟುವ ಖರ್ಚೂ ಕಡಿಮೆ ಅಂತ ಗೊತ್ತಾದ ಮೇಲೆ ಸುಮ್ಮನಾದ.

ಚಿಮಣಿ ವಿಷಯಕ್ಕೆ ನಗು ಬಂತು. ಮೂರು ಚಿಮಣಿ, ಮನೆಯಲ್ಲಿ ಇರುವುದು ಎರಡೇ ಒಲೆ. ಮೂರನೆಯದಕ್ಕೆ ಕೆಳಗೆ ದಾರಿಯೇ ಇಲ್ಲ, ಗುಂಪು ಚೆನ್ನಾಗಿ ಕಾಣಲಿ ಅಂತ ನಿಲ್ಲಿಸಿದ್ದು. ಅದು ಸ್ವಲ್ಪ ವಾಲಿತ್ತು. ಕೆಲಸಕ್ಕೆ ಬಾರದ್ದು, ತೆಗೆದುಬಿಡಲಾ ಅಂತ ಕೇಳಿದ್ದಕ್ಕೆ ಆಫೀಸರ್ ಮುಖ ನೋಡಬೇಕಿತ್ತು! ಇಲ್ಲ, ಅದನ್ನೂ ಬಿಚ್ಚಿ, ಅದೇ ಇಟ್ಟಿಗೆಯಲ್ಲಿ ಮತ್ತೆ ಕಟ್ಟಬೇಕು. ಹೊಗೆ ಬಿಡದ ಚಿಮಣಿಗೆ ನಾವು ಖರ್ಚು ಮಾಡಿದ್ದು ಎಷ್ಟು ಅಂತ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ಬಾವಲಿ. ಬ್ರಿಟನ್ನಿನಲ್ಲಿ ಎಲ್ಲಾ ಜಾತಿಯ ಬಾವಲಿಗಳಿಗೂ, ಅವು ವಾಸಿಸುವ ಸಂದುಗೊಂದುಗಳಿಗೂ ಕಾನೂನಿನ ರಕ್ಷಣೆ ಇದೆ. ಹಳೇ ಮಾಡು, ಹತ್ತಿರದಲ್ಲೇ ಮರಗಳು, ಬಾರ್ಜ್‌ಬೋರ್ಡ್ ಹಿಂದೆ ಸಂದು. ಬಾವಲಿಗೆ ಇನ್ನೇನು ಬೇಕು? ಪರಿಸರ ತಜ್ಞರು ಬಂದು ಟಾರ್ಚ್ ಹಾಕಿ ನೋಡಿ ಹಿಕ್ಕೆ ತೋರಿಸಿದರು. ಅಂದರೆ ಮುಸ್ಸಂಜೆ ಸರ್ವೆ ಆಗಲೇಬೇಕು. ಅದು ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಮಾತ್ರ. ಆಗಿನ್ನೂ ಫೆಬ್ರವರಿ. ಆ ವರದಿ ಇಲ್ಲದೆ ಕೌನ್ಸಿಲ್ ತೀರ್ಮಾನ ಕೊಡುವುದಿಲ್ಲ. ಸುಮ್ನೆ ಮೂರು ತಿಂಗಳು ಕಾದೆವು. ನಿಮಗೆ ನನ್ನದೊಂದೇ ಕಿವಿಮಾತು ಸಾಕು ಅಂದರೆ ಇದು: ಮನೆ ಕೀಲಿ ಕೈಗೆ ಬಂದ ವಾರವೇ ಬಾವಲಿ ತಜ್ಞರಿಗೆ ಫೋನ್ ಮಾಡಿ. ಬೇಸಿಗೆ ತಪ್ಪಿದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಸರ್ವೆಯ ಸಂಜೆ ಮಾತ್ರ ಚೆನ್ನಾಗಿತ್ತು. ಇಬ್ಬರು ತಜ್ಞರು ಮನೆಯ ಎರಡು ಮೂಲೆಯಲ್ಲಿ ಕುರ್ಚಿ, ಇನ್‌ಫ್ರಾರೆಡ್ ಕ್ಯಾಮೆರಾ ಹಾಕಿಕೊಂಡು ಕೂತರು. ನಾವು ಅವರಿಗೆ ಉಪ್ಪಿಟ್ಟು, ಕಾಫಿ ಕೊಟ್ಟೆವು. ಹೆಬ್ಬೆರಳಿನಷ್ಟಿರುವ ಪಿಪಿಸ್ಟ್ರೆಲ್ ಬಾವಲಿಗಳು ನಾಲ್ಕಾರು ಮುಂದಿನ ಬಾರ್ಜ್‌ಬೋರ್ಡ್ ಹಿಂದಿನಿಂದ ಹೊರಬಂದವು. ಚಿಕ್ಕ ಸಂಖ್ಯೆ ಆದ್ದರಿಂದ ತಜ್ಞರೇ ಪ್ರಕೃತಿ ಸಂರಕ್ಷಣೆಯ ಸರ್ಕಾರಿ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್‌ನ ಪರವಾನಗಿ ವ್ಯವಸ್ಥೆಯಡಿ ನಮ್ಮ ಜಾಗ ನೋಂದಾಯಿಸಿದರು. ಹಲಗೆ ಬಿಚ್ಚುವ ದಿನ ಅವರು ಸ್ಥಳದಲ್ಲಿರಬೇಕು, ಹೊಸ ಹಲಗೆ ಹಿಂದೆ ಅಷ್ಟೇ ಸಂದು ಬಿಡಬೇಕು. ಈ ಬಾಬ್ತಿಗೆ ಒಟ್ಟು ಎರಡು ಸಾವಿರ ಪೌಂಡಿನ ಆಸುಪಾಸು ಹೋಯಿತು. ಮನೆ ಬಜೆಟ್‌ನಲ್ಲಿ ಬಾವಲಿ ಅಂತ ಒಂದು ಕಾಲಂ ಇರಲಿಲ್ಲ.

ಅರ್ಜಿ ಹಾಕುವುದು ಪ್ಲಾನಿಂಗ್ ಪೋರ್ಟಲ್ ಅನ್ನುವ ಆನ್‌ಲೈನ್ ತಾಣದ ಮೂಲಕ. ಲಿಸ್ಟೆಡ್ ಕಟ್ಟಡ ಬದಲಿಸುವ ಅನುಮತಿ, ಅಂದರೆ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್‌ಗೆ ಸರ್ಕಾರಿ ಶುಲ್ಕ ಇಲ್ಲ. ಆದರೆ ಅಡುಗೆ ಮನೆ ವಿಸ್ತರಣೆಗೆ ಪ್ಲಾನಿಂಗ್ ಪರ್ಮಿಶನ್ ಬೇರೆ ಬೇಕು. ನಾವು ಹಾಕಿದ 2024ರಲ್ಲಿ ಅದಕ್ಕೆ 258 ಪೌಂಡ್, ಮೇಲೆ ಪೋರ್ಟಲ್‌ನ ಸೇವಾ ಶುಲ್ಕ. ಈಗ ಅದು ದುಪ್ಪಟ್ಟಾಗಿದೆ. ಎರಡೂ ಅರ್ಜಿ ಒಟ್ಟಿಗೆ ಹಾಕಿ. ನಕ್ಷೆಗಳು ಇಷ್ಟು ಬೇಕಾದವು: 1:1250 ಅಳತೆಯ ಸ್ಥಳ ನಕ್ಷೆ, 1:500ರ ನಿವೇಶನ ನಕ್ಷೆ, ಈಗಿರುವ ಮತ್ತು ಮುಂದೆ ಬರುವ ರೂಪದ 1:50 ನಕ್ಷೆಗಳು, ಕಿಟಕಿ ಮತ್ತು ಬಾರ್ಜ್‌ಬೋರ್ಡ್‌ಗೆ ಇನ್ನೂ ದೊಡ್ಡ ಅಳತೆಯವು. ಎಲ್ಲದರಲ್ಲೂ ಸ್ಕೇಲ್ ಪಟ್ಟಿ, ಸ್ಥಳ ಮತ್ತು ನಿವೇಶನ ನಕ್ಷೆಗಳಲ್ಲಿ ಉತ್ತರ ದಿಕ್ಕಿನ ಬಾಣ ಇರಲೇಬೇಕು.

ಗೇಟ್ ಲಾಡ್ಜ್‌ನವರಿಗೆ ಇಲ್ಲೊಂದು ಹೊಂಡ ಕಾದಿರುತ್ತದೆ. ಸ್ಥಳ ನಕ್ಷೆಯಲ್ಲಿ ಅರ್ಜಿಯ ಜಾಗದ ಗಡಿ ತೋರಿಸುವ ಕೆಂಪು ಗೆರೆ ಸಾರ್ವಜನಿಕ ರಸ್ತೆಯವರೆಗೆ ಮುಟ್ಟಬೇಕು ಅಂತ ನಿಯಮ. ನಮ್ಮ ಮನೆಗೂ ರಸ್ತೆಗೂ ನಡುವೆ ಎಸ್ಟೇಟಿನ ಒಳದಾರಿ ಇದೆ. ಗೆರೆ ಅದರ ಮೇಲೆ ಹೋಯಿತು ಅಂದರೆ ಬೇರೆಯವರ ಜಾಗ ಸೇರಿತು. ಆಗ ಅರ್ಜಿಯಲ್ಲಿ ಜಾಗವೆಲ್ಲ ನಮ್ಮದೇ ಅನ್ನುವ ಸರ್ಟಿಫಿಕೇಟ್ ಎ ನಡೆಯುವುದಿಲ್ಲ, ಬೇರೆಯವರದೂ ಸೇರಿದೆ ಅನ್ನುವ ಬಿ ಬೇಕು. ಜಾಗದ ಮಾಲೀಕರಿಗೆ ಮುಂಚಿತವಾಗಿ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಕೂಡಲೇ ಎಸ್ಟೇಟಿನ ಏಜೆಂಟರಿಂದ ಉತ್ತರ ಬಂತು. ದಸ್ತಾವೇಜಿನ ಷರತ್ತು ನೆನಪಿಸಿ, ತಮ್ಮ ಸರ್ವೆಯರ್ ನಕ್ಷೆ ನೋಡುವುದಕ್ಕೆ ಮುನ್ನೂರು ಪೌಂಡ್, ಮೇಲೆ ವ್ಯಾಟ್. ಮರ್ಯಾದೆಯ ಭಾಷೆಯಲ್ಲೇ ಕೇಳಿದ್ದರು, ಮರ್ಯಾದೆಯಾಗೇ ಕೊಟ್ಟೆವು. ಒಪ್ಪಿಗೆ ಪತ್ರ ಬರಲು ಆರು ವಾರ. ಇದನ್ನು ಕೌನ್ಸಿಲ್ ಅರ್ಜಿಯ ಜೊತೆಜೊತೆಗೇ ಶುರುಮಾಡಿ, ಆಮೇಲೆ ಅಂತ ಬಿಡಬೇಡಿ.

ಅರ್ಜಿ ಊರ್ಜಿತ ಅಂತ ಆದ ಮೇಲೆ ಎಂಟು ವಾರದಲ್ಲಿ ತೀರ್ಮಾನ ಬರಬೇಕು. ಗೇಟಿನ ಕಂಬಕ್ಕೆ ನೋಟಿಸ್ ಅಂಟಿಸಿದರು. 21 ದಿನ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಹೊರಗಿನಿಂದ ಬಂದ ನಾವು ಊರಿನ ಮುದ್ದಿನ ಮನೆಗೆ ಕೈ ಹಾಕುತ್ತಿದ್ದೇವೆ, ಏನಂದುಕೊಳ್ಳುತ್ತಾರೋ ಅಂತ ನನಗೆ ನಿದ್ದೆ ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಕೌನ್ಸಿಲ್ ತಾಣದಲ್ಲಿ ಹೊಸ ಕಾಮೆಂಟ್ ಬಂದಿದೆಯಾ ಅಂತ ನೋಡುವುದೇ ಕೆಲಸ. ಒಬ್ಬರು ಲಾರಿ ನಿಲ್ಲಿಸುವ ಬಗ್ಗೆ ಬರೆದರು. ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್ ಆಕ್ಷೇಪ ಇಲ್ಲ ಅಂದಿತು.

ನೋಟಿಸ್ ಓದಿದ ಊರಿನ ಅಜ್ಜಿಯೊಬ್ಬರು ಒಂದು ಸಂಜೆ ಬಾಗಿಲು ತಟ್ಟಿದರು. ಅವರ ಸೋದರತ್ತೆ ಈ ಮನೆಯಲ್ಲೇ ಇದ್ದವರಂತೆ. ಬಿಸ್ಕತ್ತಿನ ಡಬ್ಬದಿಂದ ಒಂದು ಕಪ್ಪು ಬಿಳುಪು ಫೋಟೋ ತೆಗೆದರು. ಬಾಗಿಲಲ್ಲಿ ಏಪ್ರನ್ ಹಾಕಿದ ಹೆಂಗಸು, ಅವರ ತಲೆಯ ಮೇಲೆ ನಾವು ಹುಡುಕುತ್ತಿದ್ದ ಬಾರ್ಜ್‌ಬೋರ್ಡ್, ಮೂರೆಲೆ ಆಕಾರದ ಕೊರೆತದ ಸಮೇತ! ಕಳೆದುಹೋದ ಭಾಗವನ್ನು ಮತ್ತೆ ಮಾಡಬೇಕು ಅಂದರೆ ಅದು ಹೇಗಿತ್ತು ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ, ಊಹೆ ಮಾಡಿ ಕೊರೆಯುವ ಹಾಗಿಲ್ಲ. ಮಾರನೇ ದಿನವೇ ಫೋಟೋ ಸ್ಕ್ಯಾನ್ ಮಾಡಿ ಆಫೀಸರ್‌ಗೆ ಕಳಿಸಿದೆ. ನಿಮ್ಮ ಹಳೇ ಮನೆಯ ಬಗ್ಗೆ ಊರಿನ ಹಿರಿಯರನ್ನು ಅರ್ಜಿಗೆ ಮುಂಚೆಯೇ ಮಾತಾಡಿಸಿ. ದಾಖಲೆ ಕಚೇರಿಯಲ್ಲಿ ಸಿಗದ್ದು ಡಬ್ಬದಲ್ಲಿ ಸಿಗಬಹುದು.

ಎಂಟು ವಾರ ಕಳೆಯಿತು. ಸಮಯ ವಿಸ್ತರಣೆಗೆ ಒಪ್ಪುತ್ತೀರಾ ಅಂತ ಇಮೇಲ್ ಬಂತು. ಒಪ್ಪದಿದ್ದರೆ ತಿರಸ್ಕರಿಸಿಬಿಡಬಹುದು ಅನ್ನುವ ಭಯ ಎಲ್ಲರಿಗೂ ಇರುತ್ತದೆ, ನಾವೂ ಒಪ್ಪಿದೆವು. ಕೊನೆಗೆ ಎರಡೂ ಅನುಮತಿ ಒಂದೇ ದಿನ ಬಂತು. ನಾನು ಕಾರಿನಲ್ಲಿ ಕೂತು ಅತ್ತಿದ್ದು ನಿಜ. ಆಮೇಲೆ ಪತ್ರದ ಎರಡನೇ ಪುಟ ತಿರುಗಿಸಿದೆ. ಷರತ್ತುಗಳು. ಇಟ್ಟಿಗೆ, ಸ್ಲೇಟ್ ಮಾದರಿಗೆ ಒಪ್ಪಿಗೆ ಪಡೆಯಬೇಕು. ಗಾರೆ ತುಂಬಿದ ಒಂದು ತುಂಡು ಗೋಡೆ ಮಾಡಿ ತೋರಿಸಬೇಕು. ಕಿಟಕಿಯ ಅಡ್ಡಕೊಯ್ತದ ನಕ್ಷೆ ಕೊಡಬೇಕು. ಇವಕ್ಕೆ ಒಪ್ಪಿಗೆ ಸಿಗುವವರೆಗೆ ಆ ಭಾಗದ ಕೆಲಸ ಶುರುಮಾಡುವಂತಿಲ್ಲ. ಕೆಲಸ ಶುರುಮಾಡಲು ಮೂರು ವರ್ಷ ಅವಧಿ ಇದೆ, ಆಮೇಲೆ ಅನುಮತಿ ಸತ್ತುಹೋಗುತ್ತದೆ. ಕಟ್ಟಡ ನಿಯಮಗಳ ಒಪ್ಪಿಗೆ ಬೇರೆಯದೇ, ಅದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ.

ಸುಣ್ಣದ ಗಾರೆ ಹಾಕುವ ಮೇಸ್ತ್ರಿಗಳು ಇಲ್ಲಿ ಕಡಿಮೆ, ಕಾಯಬೇಕು. ತಾಪಮಾನ 5 ಡಿಗ್ರಿಗಿಂತ ಕೆಳಗಿದ್ದರೆ ಅವರು ಕೆಲಸ ಮಾಡುವುದಿಲ್ಲ, ಹಸಿ ಗಾರೆ ಹಿಮಕ್ಕೆ ಸಿಕ್ಕರೆ ಪುಡಿಯಾಗುತ್ತದೆ. ಹಾಗಾಗಿ ಇನ್ನೊಂದು ಚಳಿಗಾಲ ಹೋಯಿತು. ವಸಂತದಲ್ಲಿ ಬಂದವರು ಸಿಮೆಂಟನ್ನು ಉಳಿ, ಸುತ್ತಿಗೆಯಲ್ಲೇ ಬಿಡಿಸಿದರು. ಗ್ರೈಂಡರ್ ಮುಟ್ಟಲಿಲ್ಲ, ಇಟ್ಟಿಗೆ ಅಂಚು ಹಾಳಾಗುತ್ತದೆ ಅಂತ. ಗಾರೆ ಹಾಕಿ ಒದ್ದೆ ಗೋಣಿತಾಟು ಹೊದಿಸಿ ನಿಧಾನವಾಗಿ ಒಣಗಲು ಬಿಟ್ಟರು. ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು, ತೇವ ಅದರ ಮೂಲಕವೇ ಹೊರಗೆ ಹೋಗಬೇಕು ಅಂತ ಮೇಸ್ತ್ರಿ ವಿವರಿಸಿದ್ದನ್ನು ಅಪ್ಪನಿಗೆ ಹೇಳಿದರೆ, "ಇದನ್ನ ಹೇಳೋಕೆ ಇಂಗ್ಲೆಂಡ್ ಬೇಕಿತ್ತಾ? ನಮ್ಮಜ್ಜನ ಮನೆ ನಿಂತಿದ್ದೇ ಗಾರೇಲಿ" ಅಂದರು. ಒಳಗಿನ ಗೋಡೆಯ ತೇವ ಒಂದು ಬೇಸಿಗೆಯಲ್ಲೇ ಎಷ್ಟೋ ಇಳಿಯಿತು.

ಕಿಟಕಿಗೆ ಮರದ ಚೌಕಟ್ಟು, ಸೀಸದ ಪಟ್ಟಿ, ವಜ್ರದ ಗಾಜು. ಡಬಲ್ ಗ್ಲೇಜಿಂಗ್ ಕೇಳಿದೆವು, ಆಗಲಿಲ್ಲ. ಒಳಗಡೆಯಿಂದ ಇನ್ನೊಂದು ತೆಳುವಾದ ಗಾಜಿನ ಪರದೆ ಹಾಕಲು ಒಪ್ಪಿದರು. ಶಿಳ್ಳೆ ನಿಂತಿದೆ, ಅಷ್ಟು ಸಾಕು. ಒಂದು ಕಿಟಕಿಗೆ ಎಲ್ಲಾ ಸೇರಿ ಸಾವಿರದ ಎಂಟುನೂರು ಪೌಂಡ್ ಸುಮಾರು. ಬಾರ್ಜ್‌ಬೋರ್ಡ್ ಕೊರೆದ ಬಡಗಿ ಕೊಳೆತ ಹಲಗೆಯ ಮೇಲೆ ಕಾಗದ ಇಟ್ಟು ಅಚ್ಚು ತೆಗೆದು, ಕಾಣದ ಭಾಗವನ್ನು ಅಜ್ಜಿಯ ಫೋಟೋ ನೋಡಿ ತುಂಬಿದರು. ಹಳೇ ಹಲಗೆಯಲ್ಲಿ ಗಟ್ಟಿ ಇದ್ದ ತುಂಡನ್ನು ಎಸೆಯದೆ ಹೊಸದಕ್ಕೆ ಸೇರಿಸಿದ್ದಾರೆ.

ಹಳೇ ಕಾಲದ ಸಲಹೆ ಕೇಳಿ ಲೆಕ್ಕ ಹಾಕಬೇಡಿ. ಲಿಸ್ಟೆಡ್ ಮನೆಯ ಅನುಮತಿ ಪಡೆದ ಬದಲಾವಣೆಗೆ ವ್ಯಾಟ್ ಇಲ್ಲ ಅಂತ ನಮಗೂ ಒಬ್ಬರು ಹೇಳಿದ್ದರು. ಆ ರಿಯಾಯಿತಿ 2012ರ ಅಕ್ಟೋಬರ್‌ನಲ್ಲೇ ಹೋಗಿದೆ. ಈಗ 20 ಪರ್ಸೆಂಟ್ ಪೂರ್ತಿ ಕಟ್ಟಬೇಕು. ವಿಮೆ ಮಾಡಿಸುವಾಗ ಮನೆಯ ಮಾರುಕಟ್ಟೆ ಬೆಲೆಗಲ್ಲ, ಇದೇ ರೀತಿ ಮತ್ತೆ ಕಟ್ಟಿಸುವ ಖರ್ಚಿಗೆ ಮಾಡಿಸಿ. ಲಿಸ್ಟೆಡ್ ಮನೆಗಳಿಗೆ ಎರಡನೆಯದೇ ಜಾಸ್ತಿ ಆಗಬಹುದು. ಅನುಮತಿ ಪತ್ರ, ಷರತ್ತು ಪೂರೈಸಿದ ಪತ್ರ, ಫೋಟೋ, ಬಾವಲಿ ವರದಿ, ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಮುಂದೆ ಮಾರುವಾಗ ಸಾಲಿಸಿಟರ್ ಮೊದಲು ಕೇಳುವುದು ಅದನ್ನೇ.

ಅಡುಗೆ ಮನೆಯಲ್ಲಿ ಈಗ ನಾಲ್ಕು ಜನ ಕೂತು ಊಟ ಮಾಡಬಹುದು. ರಸ್ತೆಯಿಂದ ಅದು ಕಾಣುವುದೇ ಇಲ್ಲ. ಮರಕ್ಕೆಲ್ಲ ಎಸ್ಟೇಟಿನ ಹಸಿರು ಬಳಿದಾಗಿದೆ. ಉಳಿದಿರುವುದು ಗೇಟು ಮಾತ್ರ. ಒಂದು ಕಂಬ ರಸ್ತೆ ಕಡೆಗೆ ಬಾಗಿದೆ, ಕೀಲು ತುಕ್ಕು ಹಿಡಿದಿದೆ. ಗೇಟು ಎಸ್ಟೇಟಿನದು, ಕಂಬ ನಿಂತಿರುವ ಅರ್ಧ ಜಾಗ ನಮ್ಮದು, ರಿಪೇರಿ ಖರ್ಚು ಯಾರದು ಅಂತ ದಸ್ತಾವೇಜಿನಲ್ಲಿ ಒಂದು ಸಾಲೂ ಇಲ್ಲ. ಏಜೆಂಟರಿಗೆ ಸೋಮವಾರ ಪತ್ರ ಹಾಕಿದ್ದೇನೆ.